ಕೊಡೆ ಅಂಗಡಿಯ ಮೇಜರ್ ಲೆಕ್ಕ

ಕೋಟೇಶ್ವರದಲ್ಲಿ ಹೆದ್ದಾರಿಯಿಂದ ಇಳಿದು ನಮ್ಮ ಮನೆಯ ಕಡೆಗೆ ತಿರುಗುವಲ್ಲಿ ಒಂದು ಹಳೆಯ ಕಟ್ಟಡವಿದೆ. ಅದರ ಮೆಟ್ಟಿಲ ಕೆಳಗೆ ಹಸಿರು ಶಟರಿನ ಪುಟ್ಟ ಅಂಗಡಿ. ಈ ಸಲ ಮಳೆ ಹಿಡಿದು ಎರಡು ವಾರವಾದರೂ ಆ ಶಟರು ಏಳಲಿಲ್ಲ. ಕಡ್ಡಿ ಮುರಿದ ಕೊಡೆ, ಪಟ್ಟಿ ಹರಿದ ಚೀಲ ಹಿಡಿದುಕೊಂಡು ಬಂದವರು ಸ್ವಲ್ಪ ಹೊತ್ತು ಅಲ್ಲೇ ನಿಂತು, ಹಿಂದಿನ ಮನೆಯವಳಾದ ನನ್ನ ಗೇಟಿಗೆ ಬರುತ್ತಾರೆ.

"ಟೀಚರ್ರೆ, ಕೊಡೆಯಣ್ಣ ಎಲ್ಲಿಗ್ ಹೋಯ್ರ್?"

ತೀರಿಕೊಂಡರು ಎನ್ನುತ್ತೇನೆ. ಕಳೆದ ಚಳಿಗಾಲದಲ್ಲೇ, ಕಿಡ್ನಿಯ ಕಾಯಿಲೆ ಇತ್ತಲ್ಲ ಎನ್ನುತ್ತೇನೆ. ಅಯ್ಯೋ ಎಂದು ಕೆಲವರು ಗೇಟು ಹಿಡಿದು ನಿಲ್ಲುತ್ತಾರೆ. ಮೊನ್ನೆ ಬೀಜಾಡಿ ಕಡೆಯ ಒಬ್ಬ ಹೆಂಗಸು ಹಾಗೆಯೇ ನಿಂತವಳು, ಕೊನೆಗೆ ಕೈಯಲ್ಲಿದ್ದ ಕೊಡೆ ನೋಡಿ, "ಹಾಂಗಾರ್ ಇದನ್ನ್ ಯಾರ್ ಸರಿ ಮಾಡ್ತ್ರ್?" ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಒಳಗೆ ಬಂದು ಕುಳಿತ ಮೇಲೆ ಅನ್ನಿಸಿತು, ಕೊಡೆಯಣ್ಣನಿಗೆ ಇದಕ್ಕಿಂತ ಒಳ್ಳೆಯ ಸಂತಾಪ ಬೇರೆ ಯಾರು ಹೇಳಿಯಾರು? ಅವರೇ ಇದ್ದಿದ್ದರೆ ಆ ಹೆಂಗಸಿನ ಕೈಯಿಂದ ಕೊಡೆ ಇಸಿದುಕೊಂಡು ಆಗಲೇ ಬಿಚ್ಚಿ ನೋಡುತ್ತಿದ್ದರು.

ಅವರ ನಿಜವಾದ ಹೆಸರು ನನಗೆ ಗೊತ್ತು. ಬರೆಯುವುದಿಲ್ಲ. ಊರಿಗೆಲ್ಲ ಅವರು ಕೊಡೆಯಣ್ಣ, ಹಾಗೇ ಇರಲಿ. ತೆಳ್ಳಗಿನ ಉದ್ದನೆಯ ಮನುಷ್ಯ. ಎಡ ಭುಜ ಬಲ ಭುಜಕ್ಕಿಂತ ಒಂದಿಷ್ಟು ತಗ್ಗು. ಯಾರಾದರೂ ಮಾತಾಡುತ್ತಿದ್ದರೆ ಕೈಕೆಲಸ ನಿಲ್ಲಿಸಿ ಉಸಿರೂ ಕೇಳದ ಹಾಗೆ ಸುಮ್ಮನೆ ನಿಂತುಬಿಡುವ ಅಭ್ಯಾಸ. ಆ ನಿಲ್ಲುವ ರೀತಿ ಅವರು ಮುಂಬೈಯಲ್ಲಿ ಕಲಿತದ್ದು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ನಮ್ಮ ಕಡೆಯವರು ಮುಂಬೈಗೆ ಹೋದರೆ ಹೋಟೆಲಿಗೇ ಹೋಗುವುದು. ಅವರೂ ಹೋದದ್ದು ಹೋಟೆಲಿಗೇ. ಅಲ್ಲಿಂದ ಯಾರದೋ ಕೈ ಹಿಡಿದು ಒಂದು ಗಾಲ್ಫ್ ಮೈದಾನದ ಒಳಹೊಕ್ಕು ಕ್ಯಾಡಿ ಆದರು. ಅಂದರೆ ಆಟಗಾರನ ಕೋಲುಗಳ ಚೀಲವನ್ನು ಭುಜಕ್ಕೇರಿಸಿ ಇಡೀ ಆಟ ಅವನ ಹಿಂದೆ ನಡೆಯುವ, ಅವನು ಹೊಡೆಯುವಾಗ ಸದ್ದಿಲ್ಲದೆ ನಿಲ್ಲುವ ಕೆಲಸ. ಮಧ್ಯವಯಸ್ಸಿಗೆ ಮೊದಲೇ ಅದನ್ನು ಬಿಟ್ಟು ಊರಿಗೆ ಬಂದು ಈ ಅಂಗಡಿ ಇಟ್ಟರು. ಯಾಕೆ ಬಿಟ್ಟಿರಿ ಎಂದರೆ, "ನೀರ್ ಒಗ್ಲಿಲ್ಲೆ" ಎನ್ನುತ್ತಿದ್ದರು. ಅಷ್ಟು ವರ್ಷ ಒಗ್ಗಿದ ನೀರು ಒಂದೇ ದಿನ ಹೇಗೆ ಕೆಟ್ಟಿತು ಎಂದು ಯಾರೂ ಕೇಳಲಿಲ್ಲ.

ಅಂಗಡಿಯ ಮಾಡಿಗೆ ಅಡ್ಡಕ್ಕೆ ಒಂದು ಹಗ್ಗ ಕಟ್ಟಿ ಕೊಡೆಗಳನ್ನು ನೇತುಹಾಕುತ್ತಿದ್ದರು. ಕೆಳಗಿಳಿಸಲು ಒಂದು ಕಬ್ಬಿಣದ ಕೋಲು. ತುದಿಯಲ್ಲಿ ಮಡಚಿದ ಅಂಗೈಯಷ್ಟು ಅಗಲದ ತಲೆ, ಹಿಡಿಗೆ ಸವೆದ ಚರ್ಮ. ಅದೂ ಗಾಲ್ಫ್ ಕೋಲೇ, ಮುಂಬೈಯಿಂದ ತಂದದ್ದು ಎಂದು ಎಲ್ಲರಿಗೂ ಗೊತ್ತಿತ್ತು. ಅದರ ತಲೆಯನ್ನು ಕೊಡೆಯ ಹಿಡಿಗೆ ಸಿಕ್ಕಿಸಿ ಹಗುರಾಗಿ ಎಳೆದರೆ ಕೊಡೆ ಅವರ ಕೈಗೆ ಬಂದು ಬೀಳುತ್ತಿತ್ತು. ಬೇರೆ ಯಾರೂ ಅದನ್ನು ಮುಟ್ಟುವ ಹಾಗಿರಲಿಲ್ಲ. ಒಮ್ಮೆ ನಾನೇ ಗಡಿಬಿಡಿಯಲ್ಲಿ ಕೈ ಚಾಚಿದಾಗ, "ಬ್ಯಾಡ ಟೀಚರ್ರೆ, ನಾನ್ ಕೊಡ್ತೆ" ಎಂದು ಎದ್ದು ಬಂದು ತೆಗೆದುಕೊಂಡರು. ಸಿಡುಕಿದ್ದಲ್ಲ, ಆದರೆ ಮುಖ ಬೇರೆಯಾಗಿತ್ತು.

ಇನ್ನು ಅವರ ಚೀಲದ ತಪಾಸಣೆ. ರಿಪೇರಿಗೆ ಯಾವುದೇ ಚೀಲ ಕೊಟ್ಟರೂ ಮೊದಲು ಅದನ್ನು ಹಲಗೆಯ ಮೇಲೆ ಬೋರಲು ಹಾಕುವುದು. ಬಿದ್ದ ಒಂದೊಂದನ್ನೂ ಎತ್ತಿ, ಹೆಸರು ಹೇಳಿ, ಸಾಲಾಗಿ ಇಡುವುದು. ಹೊಲಿದ ಮೇಲೆ ಅಷ್ಟನ್ನೂ ಮತ್ತೆ ಹೆಸರು ಹೇಳುತ್ತಲೇ ಒಳಗೆ ಹಾಕುವುದು. ಶಾಲೆ ಶುರುವಾಗುವ ದಿನಗಳಲ್ಲಿ ಇಡೀ ರಸ್ತೆಯ ಮಕ್ಕಳ ಗುಟ್ಟು ಆ ಹಲಗೆಯ ಮೇಲೆ ಬಯಲಾಗುತ್ತಿತ್ತು. ನನ್ನ ಚೀಲದ ಸರದಿ ಬಂದಾಗ ನಾಲ್ಕು ಜನರೆದುರು ಘೋಷಣೆಯಾಯಿತು: "ಕೆಂಪ್ ಪೆನ್ನ್ ಮೂರ್, ಬಾಚಣಿಗಿ ಒಂದ್, ಗ್ಯಾಸಿನ್ ಗುಳಿಗಿ ಒಂದ್ ಪಟ್ಟಿ, ಅರ್ಧ ತಿಂದ್ ಚಿಕ್ಕಿ ಒಂದ್."

"ಹ್ವಾಯ್, ಇದೆಂತ ಸಾಸ್ತಾನದ್ ಟೋಲ್ ಗೇಟಾ ನಿಮ್ದ್?" ಎಂದೆ.

ಅವರು ನಗಲಿಲ್ಲ. "ಚೀಲ ಅಂದ್ ಮೇಲೆ ಲೆಕ್ಕ ಬೇಕ್. ಒಳಗ್ ಎಂತ ಇತ್ತ್ ಅಂತ ಹೊತ್ತವನಿಗ್ ಗೊತ್ತಿರ್ಕ್" ಎಂದರು.

ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ನಾನು. ಲೆಕ್ಕದ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಅವರದು ಬರೀ ಲೆಕ್ಕವಲ್ಲ, ಏನೋ ಹೆದರಿಕೆ ಎಂದು ಆಗಲೇ ಅನ್ನಿಸಿತ್ತು.

ನಮ್ಮ ಮನೆಯವರು ವಿಮಾ ಕಚೇರಿಯಲ್ಲಿದ್ದವರು. ನಿವೃತ್ತಿಯಾದ ಮೇಲೆ ಮಧ್ಯಾಹ್ನದ ಊಟ ಮುಗಿಸಿ ಆ ಅಂಗಡಿಯ ಸ್ಟೂಲಿನಲ್ಲಿ ಹೋಗಿ ಕೂರುವುದು ಅವರ ಉದ್ಯೋಗವಾಯಿತು. ಹೊಲಿಗೆ ಯಂತ್ರಕ್ಕೆ ಮೊಬೈಲ್ ಒರಗಿಸಿಟ್ಟು ಇಬ್ಬರೂ ಗಾಲ್ಫ್ ನೋಡುವುದು. ಹಿಂದಿನ ರಾತ್ರಿ ಯಾವುದೋ ದೇಶದಲ್ಲಿ ನಡೆದ ಆಟದ ತುಣುಕುಗಳು ಹಗಲಿಗೆ ಬರುತ್ತಿದ್ದವು. ಕೋಟೇಶ್ವರದ ಸುತ್ತ ಎಲ್ಲಿಯೂ ಗಾಲ್ಫ್ ಮೈದಾನವಿಲ್ಲ, ನಮ್ಮವರು ಜೀವನದಲ್ಲಿ ಅಂಥ ಒಂದು ಚೆಂಡನ್ನು ಮುಟ್ಟಿದವರೂ ಅಲ್ಲ. ಆದರೂ ಮನೆಗೆ ಬಂದು ನನಗೆ ಪಾಠ ಮಾಡುತ್ತಿದ್ದರು: ವರ್ಷವಿಡೀ ವಾರಕ್ಕೊಂದು ಪಂದ್ಯ ನಡೆದರೂ ಗಾಲ್ಫಿನವರು ನಾಲ್ಕನ್ನು ಮಾತ್ರ ಮೇಜರ್ ಎನ್ನುತ್ತಾರೆ, ಆ ನಾಲ್ಕರಲ್ಲಿ ಎಷ್ಟು ಗೆದ್ದ ಎಂಬುದೇ ಆಟಗಾರನ ಯೋಗ್ಯತೆ ಎಂದು.

"ಹಾಗಂತ ಯಾರು ಹೇಳಿದರು?"

"ಇನ್ನಾರು? ಕೊಡೆಯಣ್ಣ."

ಈಗಿನ ಆಟಗಾರರ ವಿದೇಶಿ ಹೆಸರುಗಳು ನಮ್ಮವರ ಬಾಯಿಗೆ ಬರುತ್ತಿರಲಿಲ್ಲ. ಅದಕ್ಕೆ ಕೊಡೆಯಣ್ಣ ಊರಿನ ಹೆಸರು ಇಟ್ಟಿದ್ದರು. ಚೆಂಡನ್ನು ಗೆರೆ ಎಳೆದ ಹಾಗೆ ನೇರ ಹೊಡೆಯುವವನು ಮರವಂತೆ ರಸ್ತೆ. ಆಚೆ ಕಡಲು, ಈಚೆ ಹೊಳೆ, ಎತ್ತಲೂ ವಾಲುವ ಹಾಗಿಲ್ಲ. ಒಂದೊಂದು ಹೊಡೆತಕ್ಕೂ ನಿಂತು ನಿಂತು ಆಡುವವನು ಸಾಸ್ತಾನದ ಟೋಲ್. ಅದು ನನ್ನ ಮಾತಿನಿಂದಲೇ ಕದ್ದದ್ದು. ಹರೆಯದಲ್ಲಿ ಬಾಚಿಕೊಂಡು ಗೆದ್ದು, ಈಗ ಸೊಂಟ ನೋವು ಮಂಡಿ ನೋವು ಎಂದು ಸದಾ ರಿಪೇರಿಯಲ್ಲಿರುವವನು ಹಂಗಾರಕಟ್ಟೆ ದೋಣಿ. ಇನ್ನೊಬ್ಬನಿದ್ದ, ಕಡಲ ಕರೆಯ ಕೋಡಿಯ ಹೆಸರಿನಲ್ಲಿ, ಕೋಡಿ ಗಾಳಿ. ಬೀಸಿದರೆ ಚೆಂಡು ಕಣ್ಣಿಗೆ ಕಾಣದಷ್ಟು ದೂರ. ಅವನ ಆಟ ನೋಡಲೆಂದೇ ನಾನೂ ಒಂದೆರಡು ಸಲ ಅಂಗಡಿಯ ಬಾಗಿಲಲ್ಲಿ ನಿಂತದ್ದುಂಟು. ನನಗೆ ಅರ್ಥವಾಗದ ಆಟವೂ ಅವನು ಆಡುವಾಗ ಚಂದ ಕಾಣುತ್ತಿತ್ತು.

"ದೋಣಿಗೆ ಐದ್ ಮೇಜರ್, ರಸ್ತೆಗೆ ನಾಕ್, ಟೋಲಿಗೆ ಒಂದ್" ಎಂದು ಕೊಡೆಯಣ್ಣ ಪಟ್ಟಿ ಒಪ್ಪಿಸುತ್ತಿದ್ದರು.

"ಕೋಡಿ ಗಾಳಿಗೆ?"

"ಸೊನ್ನೆ."

"ಅಲ್ಲ ಮರಾಯ್ರೆ, ವಾರ ಬಿಟ್ಟ್ ವಾರ ಗೆಲ್ತಾ ಇದ್ದ. ಆ ಟೋಲಿನವ ಒಂದ್ಸಲ ಕಣ್ಣ್ ಮುಚ್ಚಿ ಹೊಡ್ದದ್ದ್ ತಾಗಿತ್ತ್, ಅವ ಇವನಿಗಿಂತ ದೊಡ್ಡವನಾ?" ನಮ್ಮವರು ಸ್ಟೂಲಿನಿಂದ ಅರ್ಧ ಎದ್ದೇ ಬಿಡುತ್ತಿದ್ದರು.

"ದೊಡ್ಡವನೇ. ಒಂದಿತ್ತಲೆ. ಇವನಿಗ್ ಇಲ್ಲೆ."

"ಆಟ ಕಾಣಿ, ಆಟ!"

"ಆಟ ನಾಳಿಗ್ ಯಾರಿಗೂ ನೆನಪಿರುದಿಲ್ಲೆ. ಮೇಜರ್ ಮಾತ್ರ ಉಳುದು."

ವರ್ಷಗಟ್ಟಲೆ ಇದೇ ಜಗಳ. ನಮ್ಮವರು ವಾದದಲ್ಲಿ ಸೋಲಲು ಹುಟ್ಟಿದವರಲ್ಲ, ಕೊಡೆಯಣ್ಣ ಬಿಡಲು ಹುಟ್ಟಿದವರಲ್ಲ. ಉಳಿದ ಎಲ್ಲದರಲ್ಲೂ ಮೆದುವಾದ ಮನುಷ್ಯ, ಇದೊಂದರಲ್ಲಿ ಕಲ್ಲು. ಅದೇ ಅಳತೆ ಹಿಡಿದು ಊರನ್ನೂ ಅಳೆಯುತ್ತಿದ್ದರು. ನನಗೆ ತಾಲೂಕು ಮಟ್ಟದ ಉತ್ತಮ ಶಿಕ್ಷಕಿ ಪ್ರಶಸ್ತಿ ಬಂದಾಗ ಸಿಹಿ ಕೊಡಲು ಹೋದೆ. ತಿಂದು, ಕೈ ಒರೆಸಿಕೊಂಡು, "ಒಳ್ಳೇದಾಯ್ತ್. ಆದ್ರೆ ಇದ್ ಮೇಜರ್ ಅಲ್ಲ ಟೀಚರ್ರೆ" ಎಂದರು. ಒಂದು ವಾರ ಆ ರಸ್ತೆಯಲ್ಲಿ ಮುಖ ತಿರುಗಿಸಿಕೊಂಡು ಹೋದೆ. ನೀನು ಮಕ್ಕಳನ್ನು ಹತ್ತನೇ ಕ್ಲಾಸಿನ ಅಂಕದಿಂದ ಅಳೆಯುವುದಿಲ್ಲವೇ ಎಂದು ನಮ್ಮವರು ಕಿಚಾಯಿಸಿದರು. ಅದಕ್ಕೆ ಅವರ ಮೇಲೂ ಸಿಟ್ಟು ಮಾಡಿಕೊಂಡೆ.

ಆದರೂ ಒಂದನ್ನು ನಾನು ಗಮನಿಸಿದ್ದೆ. ಕೋಡಿ ಗಾಳಿಯ ಹೆಸರು ಬಂದು "ಸೊನ್ನೆ" ಎನ್ನುವಾಗ ಅವರ ದನಿಯಲ್ಲಿ ತಾತ್ಸಾರ ಇರುತ್ತಿರಲಿಲ್ಲ. ನೋವಿರುವ ಹಲ್ಲನ್ನೇ ಮತ್ತೆ ಮತ್ತೆ ನಾಲಗೆಯಲ್ಲಿ ಮುಟ್ಟಿ ನೋಡುವವರ ಹಾಗೆ ಹೇಳುತ್ತಿದ್ದರು.

ಗುಟ್ಟು ಹೊರಬಿದ್ದದ್ದು ಮುಂಬೈಯ ಒಬ್ಬ ಹೋಟೆಲ್ ಧಣಿಯಿಂದ. ನಮ್ಮೂರಿನ ಮೂಲದವರು, ಮೇ ತಿಂಗಳಲ್ಲಿ ಮನೆಮಂದಿಯನ್ನೆಲ್ಲ ದೊಡ್ಡ ಕಾರಿನಲ್ಲಿ ತುಂಬಿಸಿಕೊಂಡು ಬರುವವರು. ಎರಡು ವರ್ಷದ ಹಿಂದೆ ಬಂದಾಗ ಅವರಿಗೆ ಹೊಸದಾಗಿ ಗಾಲ್ಫಿನ ಗೀಳು ಹಿಡಿದಿತ್ತು. ಕಡಲ ಕರೆಯ ಮರಳಿನಲ್ಲಿ ಹೊಡೆದು ಅಭ್ಯಾಸ ಮಾಡುತ್ತೇನೆಂದು ಚೀಲವನ್ನೂ ಹೊತ್ತು ತಂದಿದ್ದರು. ದಾರಿಯಲ್ಲಿ ಅದರ ಭುಜದ ಪಟ್ಟಿ ಹರಿದಿತ್ತು. ನಾನು ಆಗ ನನ್ನ ಕೊಡೆ ಒಯ್ಯಲು ಅಂಗಡಿಗೆ ಹೋದವಳು, ನಮ್ಮವರು ಎಂದಿನಂತೆ ಸ್ಟೂಲಿನಲ್ಲಿ.

ಕೊಡೆಯಣ್ಣ ಆ ಚೀಲವನ್ನು ನೋಡಿದರು. ಸ್ವಲ್ಪ ಹೊತ್ತು ಮುಟ್ಟಲಿಲ್ಲ. ಆಮೇಲೆ ಎತ್ತಿ, ಬೋರಲು ಹಾಕದೆ, ಒಂದೊಂದೇ ಕೋಲನ್ನು ಎಳೆದು ಹಲಗೆಗೆ ಒರಗಿಸುತ್ತಾ ಬಂದರು. ಎಣಿಕೆ ಹದಿನಾಲ್ಕು ದಾಟಿದ ಮೇಲೆ ಬಂದವನ್ನು ಬೇರೆಯಾಗಿ ಇಟ್ಟರು.

"ಹದಿನೇಳ್ ಇತ್ತಲೆ!" ಎಂದರು.

"ಇರಲಿ ಬಿಡಿ, ಎಲ್ಲ ಒಳ್ಳೆ ಕಂಪನಿದ್" ಎಂದರು ಧಣಿ.

"ಹದಿನಾಲ್ಕಕ್ಕಿಂತ ಜಾಸ್ತಿ ಇಡುಕಾಗ. ಕಾನೂನ್ ಇತ್ತ್. ಒಂದ್ ಜಾಸ್ತಿ ಇದ್ರೂ ದಂಡ ಬೀಳತ್ತ್."

"ನಾನೆಂತ ಪಂದ್ಯ ಆಡುದಾ? ಸುಮ್ಮನೆ ಹೊಡುದಲ್ದಾ?"

"ಸುಮ್ಮನೆ ಆದ್ರೂ ಬ್ಯಾಡ!" ಅವರು ಜೋರು ಮಾಡಿದ್ದನ್ನು ಅಷ್ಟು ವರ್ಷದಲ್ಲಿ ನಾನು ಕೇಳಿದ್ದು ಅದೊಂದೇ ಸಲ. ಧಣಿ ಬೆಪ್ಪಾಗಿ ನಮ್ಮವರ ಮುಖ ನೋಡಿದರು. ಕೊಡೆಯಣ್ಣ ಪಟ್ಟಿಯನ್ನು ಅಲ್ಲೇ ಹೊಲಿದುಕೊಟ್ಟರು, ಉದ್ದಕ್ಕೆ ಎರಡು ಸಾಲು, ನಡುವೆ ಓರೆಯಾಗಿ ಒಂದು, ಕೊನೆಗೊಂದು ಗಂಟು. ಅವರ ಕೈಗೆ ಬಂದ ಎಲ್ಲ ಚೀಲಗಳಿಗೂ ಅದೇ ಹೊಲಿಗೆ. ಹೆಚ್ಚಿನ ಮೂರು ಕೋಲುಗಳನ್ನು ಚೀಲಕ್ಕೆ ಹಾಕದೆ ಬೇರೆಯಾಗಿ ದಾರದಲ್ಲಿ ಕಟ್ಟಿ ಧಣಿಯ ಕೈಗೆ ಕೊಟ್ಟರು.

ಕಾರು ಹೋದ ಮೇಲೆ ನಾನು ಬಿಡಲಿಲ್ಲ. "ಎಂತ ಆಯ್ತ್ ಅಂತ ಹೇಳಿ. ಇಲ್ದಿದ್ರೆ ನಾನ್ ಇಲ್ಲಿಂದ ಏಳುದಿಲ್ಲೆ" ಎಂದು ಅವರ ಹಲಗೆಯ ಮೇಲೇ ಕುಳಿತೆ. ಅವರು ಆ ಕಬ್ಬಿಣದ ಕೋಲನ್ನು ತೊಡೆಯ ಮೇಲೆ ಅಡ್ಡಕ್ಕಿಟ್ಟುಕೊಂಡು ಹೇಳಿದರು.

ಅವರು ಚೀಲ ಹೊರುತ್ತಿದ್ದದ್ದು ಒಬ್ಬ ಮರಾಠಿ ಹುಡುಗನಿಗೆ. ಅವನೂ ಮೊದಲು ಕ್ಯಾಡಿಯೇ. ಮೈದಾನದ ಪಕ್ಕದ ಚಾಳಿನಲ್ಲಿ ಹುಟ್ಟಿ, ಯಾರೋ ಎಸೆದ ಒಂದು ಕಬ್ಬಿಣದ ಕೋಲನ್ನು ಹೆಕ್ಕಿಕೊಂಡು, ಕದ್ದು ಆಡಿ ಕಲಿತವನು. ಇವರಿಬ್ಬರೂ ಒಂದೇ ಕೋಣೆಯಲ್ಲಿ ಮಲಗೆದ್ದವರು. ಅವನು ವೃತ್ತಿಯ ಆಟಗಾರನಾದಾಗ ಬೇರೆ ಯಾರಿಗೂ ಚೀಲ ಮುಟ್ಟಲು ಬಿಡಲಿಲ್ಲ, ಇವರೇ ಬೇಕು ಎಂದ. ಒಂದು ವರ್ಷ ದೇಶದ ಎಲ್ಲಕ್ಕಿಂತ ದೊಡ್ಡ ಪಂದ್ಯದಲ್ಲಿ ಕೊನೆಯ ದಿನಕ್ಕೆ ಅವನೇ ಮುಂದಿದ್ದ. ಗೆದ್ದರೆ ಹೊರದೇಶದ ಪಂದ್ಯಗಳಿಗೆ ಬಾಗಿಲು ತೆರೆಯುತ್ತಿತ್ತು, ಅಲ್ಲಿಂದ ಮೇಜರ್‌ಗಳಿಗೂ.

"ಆ ದಿನ ಬೆಳಿಗ್ಗೆ ನಮ್ಮ ಊರಿನವ್ರ್ ಬಂದಿದ್ರ್, ಹೋಟ್ಲಿನ್ ಹುಡ್ರ್ ಎಲ್ಲ, ರಜಿ ಹಾಕಿ. ನಮ್ಮ ಕೋಟೇಶ್ವರದವ ಚೀಲ ಹೊರುದನ್ನ್ ಕಾಂಬುಕೆ ಅಂತ. ತಿಂಡಿ ಕಟ್ಕಂಡ್ ಬಂದಿದ್ರ್. ನಂಗೆ ತಲೆ ನಿಲ್ಲಲಿಲ್ಲೆ ಟೀಚರ್ರೆ. ಅವ್ರೊಟ್ಟಿಗ್ ಮಾತಾಡ್ತಾ ನಿಂತೆ. ಆಟ ಶುರು ಆಪು ಮೊದ್ಲ್ ಕೋಲ್ ಎಣಿಸ್ಕ್. ಅದ್ ಕ್ಯಾಡಿದ್ ಕೆಲಸ, ಬೇರೆ ಯಾರದ್ದೂ ಅಲ್ಲ. ಆ ಒಂದ್ ದಿನ ಎಣಿಸ್ಲಿಲ್ಲೆ."

ಆ ಹುಡುಗನಿಗೆ ಒಂದು ನಂಬಿಕೆ ಇತ್ತಂತೆ. ಬೆಳಿಗ್ಗೆ ಕೈ ಬೆಚ್ಚಗೆ ಮಾಡಿಕೊಳ್ಳುವಾಗ ತಾನು ಮೊದಲು ಕಲಿತ ಆ ಹಳೆಯ ಕೋಲಿನಿಂದಲೇ ನಾಲ್ಕು ಹೊಡೆತ ಹೊಡೆಯುವುದು. ಆಮೇಲೆ ಅದನ್ನು ತೆಗೆದು ಬದಿಗಿಡುವುದು ಇವರ ಕೆಲಸ. ಆ ದಿನ ಅದು ಚೀಲದಲ್ಲೇ ಉಳಿಯಿತು. ಮೊದಲ ಗುಂಡಿಯ ಆಟ ಮುಗಿದು ಎರಡನೆಯದಕ್ಕೆ ನಿಂತಾಗ ಇವರ ಕೈಗೆ ತಗಲಿತು, ಹದಿನೈದನೆಯದು.

"ಯಾರೂ ಕಾಣ್ಲಿಲ್ಲೆ. ಪೊದಿಗ್ ಎಸಿತೆ ಅಂದೆ ಅವನ್ ಹತ್ರ. ಅವ ನನ್ ಮುಖ ಕಂಡ. ಸೀದಾ ಹೋಯಿ ಪಂಚರಿಗ್ ಹೇಳ್ದ, ನನ್ ಚೀಲದಲ್ ಒಂದ್ ಜಾಸ್ತಿ ಇತ್ತ್ ಅಂತ. ಎರಡ್ ಹೊಡೆತ ದಂಡ. ಕಮ್ಮಿ ಹೊಡೆತದವನೇ ಗೆಲ್ಲುದಲೆ. ಆ ಕೋಲನ್ನ್ ಮತ್ತೆ ಚೀಲಕ್ಕ್ ಹಾಕುಕಾಗ. ನನ್ ಕೈಗ್ ಕೊಟ್ಟ್, ಇದನ್ನ್ ಹಿಡ್ಕೋ ಅಂದ. ಅಷ್ಟೇ. ಬೈಲಿಲ್ಲೆ. ಇಡೀ ಆಟ ನಾನ್ ಅದನ್ನ್ ಕೈಯಲ್ ಹಿಡ್ಕಂಡೇ ನಡ್ದೆ. ಊರಿನವ್ರ್ ಎಲ್ಲ ಕಾಣ್ತಿದ್ರ್."

"ಎಷ್ಟರಲ್ಲಿ ಸೋತ?" ನಮ್ಮವರು ಮೆಲ್ಲಗೆ ಕೇಳಿದರು.

"ಒಂದೇ ಹೊಡೆತದಲ್."

ಆಟ ಮುಗಿದ ಗದ್ದಲದಲ್ಲಿ ಚೀಲವನ್ನು ಅವನ ಕಾರಿನ ಪಕ್ಕದಲ್ಲಿಟ್ಟು ಇವರು ಹೊರಟೇ ಬಿಟ್ಟರು. ಕೋಣೆಗೂ ಹೋಗಲಿಲ್ಲ. ಊರಿನ ಬಸ್ಸು ಹತ್ತಿ ಕುಳಿತ ಮೇಲೆ ನೋಡಿದರೆ ಕೋಲು ಕೈಯಲ್ಲೇ ಇತ್ತು. ಹಿಂದಿರುಗಿಸಲು ಹೋಗಬೇಕೆಂದರೆ ಅವನ ಮುಖ ನೋಡಬೇಕು. ಹಾಗಾಗಿ ಹೋಗಲಿಲ್ಲ. ಅವನಿಗೆ ಅಂಥ ಅವಕಾಶ ಮತ್ತೆ ಬರಲಿಲ್ಲ ಎಂದು ಆ ಮೇಲೆ ಯಾರಿಂದಲೋ ಕೇಳಿದರು. ಶ್ರೀಮಂತರಿಗೆ ಆಟ ಕಲಿಸಿಕೊಂಡಿದ್ದಾನಂತೆ ಎಂದೂ ಕೇಳಿದರು.

ನಾನು ಟೀಚರು, ಸಮಾಧಾನ ಹೇಳಿಯೇ ಅಭ್ಯಾಸ. "ಒಂದ್ ಆಟ ಮರಾಯ್ರೆ. ಅವ ಆಮೇಲೂ ಆಡ್ಲಿಲ್ವಾ? ಆಟ ಕಲಿಸ್ಲಿಲ್ವಾ? ಒಂದ್ ಪಂದ್ಯವೇ ಎಲ್ಲ ಅಲ್ಲ" ಎಂದೆ.

"ಒಂದ್ ಪಂದ್ಯವೇ ಎಲ್ಲ" ಎಂದರು ಅವರು. "ಮೇಜರ್ ಎಷ್ಟ್ ಅಂತ ಕೇಂತ್ರ್. ಅವನಿಗ್ ಸೊನ್ನೆ. ಆ ಸೊನ್ನೆ ನಾನ್ ಬರ್ದದ್ದ್."

ಆಗ ನನಗೆ ಅವರ ಹಟದ ಅರ್ಥವಾಯಿತು. ಮೇಜರ್ ಬಿಟ್ಟು ಬೇರೆ ಅಳತೆಯೂ ಇದೆ ಎಂದು ಒಪ್ಪಿದರೆ ಅವರ ತಪ್ಪು ಹಗುರವಾಗುತ್ತಿತ್ತು. ಹಗುರವಾಗುವುದು ಅವರಿಗೆ ಬೇಡವಾಗಿತ್ತು. ಹೊಲಿಗೆ ಯಂತ್ರದ ಮುಂದೆ ಕುಳಿತು ದೂರದೇಶದ ಆಟಗಾರರನ್ನೆಲ್ಲ ಒಬ್ಬೊಬ್ಬರಾಗಿ ತೂಗುತ್ತಿದ್ದದ್ದು ತನಗೆ ತಾನೇ ಕೊಟ್ಟುಕೊಂಡ ಶಿಕ್ಷೆಯನ್ನು ದಿನವೂ ಸರಿಯಿದೆಯೇ ಎಂದು ನೋಡಿಕೊಳ್ಳಲು. ಅವರ ಹೆಂಡತಿಗೂ ಈ ಕತೆ ಗೊತ್ತಿರಲಿಲ್ಲ. ಅಷ್ಟು ವರ್ಷ ಅವರ ಜೊತೆ ವಾದಕ್ಕೆ ನಿಂತದ್ದಕ್ಕೆ ಆ ಸಂಜೆಯೆಲ್ಲ ನಮ್ಮವರಿಗೆ ಸಂಕಟವಾಗಿತ್ತು. ನನಗೂ ಅಳು ಬಂತು.

ಆ ಮಳೆಗಾಲದಲ್ಲೇ ಅವರ ಕಾಲು ಬಾತುಕೊಳ್ಳಲು ಶುರುವಾಯಿತು. ಕಿಡ್ನಿ ಎಂದರು ಡಾಕ್ಟರು. ವಾರಕ್ಕೆ ಎರಡು ಸಲ ಕುಂದಾಪುರದ ಆಸ್ಪತ್ರೆಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರಬೇಕು. ಆ ದಿನಗಳು ಬಿಟ್ಟು ಉಳಿದ ದಿನ ಅಂಗಡಿ ತೆರೆಯುತ್ತಿದ್ದರು. ಹೊಲಿಗೆಯ ಪೆಡಲು ತುಳಿಯಲು ಆಗದೆ ಕೈಹೊಲಿಗೆ ಮಾಡುತ್ತಿದ್ದರು. ಕೋಲು ಎತ್ತಲು ಭುಜ ಸೋಲುತ್ತಿತ್ತು, ಆದರೂ ಅದನ್ನು ಬೇರೆಯವರ ಕೈಗೆ ಕೊಡಲಿಲ್ಲ. ನಮ್ಮವರು ಸ್ಟೂಲಿನಲ್ಲಿ ಕುಳಿತೇ ಇರುತ್ತಿದ್ದರು, ಈಗ ವಾದವಿಲ್ಲ. ಕೊಡೆಯಣ್ಣ ಪಟ್ಟಿ ಒಪ್ಪಿಸಿದರೆ ಹೂಂ ಎನ್ನುವುದು. ಅದು ನನಗೆ ಜಗಳಕ್ಕಿಂತ ಕಷ್ಟವಾಗಿ ಕೇಳುತ್ತಿತ್ತು.

ಚೌತಿ ಕಳೆದು ಕೆಲವು ದಿನಗಳಾಗಿದ್ದವು. ಮಳೆ ಬಿಟ್ಟು ಬಿಸಿಲು ಬಿದ್ದ ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಟ್ಯಾಕ್ಸಿ ನಿಂತಿತು. ನಾನು ಕುಂದಾಪುರಕ್ಕೆ ಹೊರಟವಳು, ಅವರಿಗೆ ಔಷಧಿ ಏನಾದರೂ ತರಬೇಕೇ ಎಂದು ಕೇಳಲು ಬಾಗಿಲಲ್ಲಿ ನಿಂತಿದ್ದೆ. ಗಿಡ್ಡಗಿನ, ಗಟ್ಟಿಮುಟ್ಟಾದ, ತಲೆ ಪೂರ್ತಿ ಬೆಳ್ಳಗಾದ ಮನುಷ್ಯ ಇಳಿದ. ಹೆಗಲಲ್ಲಿ ಗಾಲ್ಫ್ ಚೀಲ. ಅಂಗಡಿಯನ್ನಾಗಲಿ ನಮ್ಮನ್ನಾಗಲಿ ನೋಡದೆ, ಮೊದಲು ಮಾಡಿಗೆ ನೇತುಹಾಕಿದ್ದ ಒಂದು ಶಾಲೆಯ ಚೀಲದ ಪಟ್ಟಿಯನ್ನು ಹಿಡಿದು, ಹೊಲಿಗೆಯ ಮೇಲೆ ಬೆರಳಾಡಿಸಿದ. ಉದ್ದಕ್ಕೆ ಎರಡು, ಓರೆಗೆ ಒಂದು, ಕೊನೆಗೆ ಗಂಟು.

ಅವನು ಯಾರೆಂದು ನನಗೆ ಯಾರೂ ಹೇಳಬೇಕಾಗಲಿಲ್ಲ. ಕೊಡೆಯಣ್ಣ ಎದ್ದು ನಿಂತಿದ್ದರು, ಅದೇ ಉಸಿರು ಕೇಳದ ಹಾಗೆ.

ಆಟಗಾರ ತನ್ನ ಚೀಲವನ್ನು ಹಲಗೆಯ ಮೇಲಿಟ್ಟ. ಹಿಂದಿಯಲ್ಲಿ, ನಿನ್ನೆ ತಾನೇ ಬಿಟ್ಟುಹೋದವನ ಹಾಗೆ ಹೇಳಿದ: "ಪಟ್ಟಿ ಸಡಿಲಾಗಿದೆ. ನೋಡು."

ಆ ಹೋಟೆಲ್ ಧಣಿ ಮುಂಬೈಯಲ್ಲಿ ಆಟ ಕಲಿಯುತ್ತಿದ್ದದ್ದು ಇವನ ಹತ್ತಿರವಂತೆ. ಧಣಿಯ ಚೀಲದಲ್ಲಿ, ಹಿಂದೆ ತನ್ನ ಚೀಲಕ್ಕೆ ಇವರು ಹಾಕುತ್ತಿದ್ದ ಅದೇ ಹೊಲಿಗೆ ನೋಡಿ, ಇದನ್ನು ಯಾರು ಮಾಡಿದ್ದು ಎಂದು ಕೇಳಿದನಂತೆ. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಆಗ ಅವರಿಬ್ಬರೂ ಅಂಥ ಯಾವ ಮಾತನ್ನೂ ಆಡಲಿಲ್ಲ.

ಕೊಡೆಯಣ್ಣ ಚೀಲಕ್ಕೆ ಕೈ ಹಾಕಿದರು. ಒಂದೊಂದೇ ಕೋಲು ತೆಗೆದು ಹಲಗೆಗೆ ಒರಗಿಸಿ ಎಣಿಸಿದರು. ಕೊನೆಯಲ್ಲಿ ತಡೆದರು. ಮತ್ತೆ ಮೊದಲಿನಿಂದ ಎಣಿಸಿದರು.

"ಹದಿಮೂರೇ ಇದೆ" ಎಂದರು ಹಿಂದಿಯಲ್ಲೇ.

"ಗೊತ್ತು. ಒಂದನ್ನು ಮನೆಯಲ್ಲಿ ಬಿಟ್ಟು ಬಂದೆ. ಜಾಗ ಬೇಕಲ್ಲ."

ಅವನ ಕಣ್ಣು ಯಂತ್ರಕ್ಕೆ ಒರಗಿಸಿದ್ದ ಆ ಕಬ್ಬಿಣದ ಕೋಲಿನ ಮೇಲಿತ್ತು. ಕೊಡೆಯಣ್ಣ ಅದನ್ನು ನೋಡಿದರು, ಅವನನ್ನು ನೋಡಿದರು, ಕುರ್ಚಿ ಹಿಡಿದುಕೊಂಡು ಕುಳಿತುಬಿಟ್ಟರು.

"ಕದ್ದದ್ದಲ್ಲ" ಎಂದರು. "ಕೈಯಲ್ಲೇ ಉಳಿದುಹೋಯಿತು."

"ಎಷ್ಟು ಹುಡುಕಿದೆ ಗೊತ್ತಾ? ನಿನ್ನನ್ನೂ, ಅದನ್ನೂ. ಪಂದ್ಯ ಹೋದರೆ ಹೋಗಲಿ, ಇಬ್ಬರೂ ಒಟ್ಟಿಗೆ ಓಡಿಹೋದಿರಲ್ಲ ಅಂತ ಸಿಟ್ಟು ಬಂದಿತ್ತು."

ಕೊಡೆಯಣ್ಣನಿಗೆ ನಗಲಾಗಲಿಲ್ಲ. ತಲೆ ತಗ್ಗಿಸಿ, ಅಷ್ಟು ವರ್ಷ ಒಳಗಿಟ್ಟುಕೊಂಡದ್ದನ್ನು ಹೇಳಿಯೇ ಬಿಟ್ಟರು: "ನನ್ನಿಂದ ನಿನಗೆ ಒಂದೂ ಮೇಜರ್ ಇಲ್ಲದೆ ಹೋಯಿತು."

ಆಟಗಾರ ಸ್ಟೂಲು ಎಳೆದು ಅವರ ಎದುರು ಕುಳಿತ. ಅವನ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ, ಮರೆಯುವುದಿಲ್ಲ.

"ಕೇಳು. ಆ ಪಂದ್ಯ ನಾನು ಗೆಲ್ಲುತ್ತಿದ್ದೆ, ಹೌದು. ಆದರೆ ಆ ಹೊರದೇಶದವರನ್ನು ಆಮೇಲೆ ಹತ್ತಿರದಿಂದ ನೋಡಿದ್ದೇನೆ. ಅವರ ಮುಂದೆ ಹದಿನಾಲ್ಕಲ್ಲ, ನಲವತ್ತು ಕೋಲು ಕೊಟ್ಟಿದ್ದರೂ ನಾನು ಮೇಜರ್ ಗೆಲ್ಲುತ್ತಿರಲಿಲ್ಲ. ಆ ಸೊನ್ನೆ ನನ್ನದು. ನೀನು ಹೊರಬೇಕಾದದ್ದು ಚೀಲ ಮಾತ್ರ."

ನಾನು ಹೊರಗೆ ರಸ್ತೆಯ ಕಡೆ ತಿರುಗಿ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ತಿರುಗಿ ನೋಡಿದಾಗ ಕೊಡೆಯಣ್ಣ ಸೀರೆಯ ಹಳೆ ಚೂರಿನಿಂದ ಆ ತುಕ್ಕು ಹಿಡಿದ ಕೋಲನ್ನು ತಲೆಯಿಂದ ಹಿಡಿಯವರೆಗೆ ಒರೆಸುತ್ತಿದ್ದರು. ಒರೆಸಿ, ಒಂದೊಂದೇ ಕೋಲನ್ನು ಎಣಿಸುತ್ತಾ ಚೀಲಕ್ಕೆ ಹಾಕಿದರು. ಎಲ್ಲಕ್ಕಿಂತ ಕೊನೆಗೆ ಅದನ್ನು. "ಹದಿನಾಲ್ಕು" ಎಂದರು. ಪಟ್ಟಿ ಸಡಿಲವೇನೂ ಆಗಿರಲಿಲ್ಲ. ಆದರೂ ಕುಳಿತು ಎರಡು ಹೊಲಿಗೆ ಹಾಕಿದರು.

ಟ್ಯಾಕ್ಸಿಯವರೆಗೆ ಚೀಲವನ್ನು ತಾವೇ ಒಯ್ಯುತ್ತೇನೆಂದು ಹಟ ಹಿಡಿದರು. ಡಾಕ್ಟರು ಭಾರ ಎತ್ತಬಾರದು ಎಂದಿದ್ದರು. ನಾನು ಬಾಯಿ ತೆರೆದೆ, ಆಟಗಾರ ಕಣ್ಣಲ್ಲೇ ಬೇಡ ಎಂದ. ಎಡ ಭುಜಕ್ಕೆ ಪಟ್ಟಿ ಏರಿಸಿ ಕೊಡೆಯಣ್ಣ ಹತ್ತು ಮಾರು ನಡೆದರು, ಅವನು ಮುಂದೆ, ಇವರು ಒಂದು ಹೆಜ್ಜೆ ಹಿಂದೆ. ಆ ತಗ್ಗಿದ ಭುಜ ಯಾಕೆ ತಗ್ಗಾಗಿತ್ತೆಂದು ಅಂದು ಕಣ್ಣಾರೆ ಕಂಡೆ.

ಆ ಮೇಲೆ ಕೊಡೆ ಇಳಿಸಲು ಒಂದು ಬಿದಿರಿನ ಗಳಕ್ಕೆ ಬಾಗಿದ ಮೊಳೆ ಹೊಡೆದುಕೊಂಡರು. ಅದನ್ನು ಯಾರು ಬೇಕಾದರೂ ಮುಟ್ಟಬಹುದಿತ್ತು. ನಾನೇ ಎಷ್ಟೋ ಸಲ ಅದರಿಂದ ನನ್ನ ಕೊಡೆ ಇಳಿಸಿಕೊಂಡಿದ್ದೇನೆ. ಚೀಲ ಬೋರಲು ಹಾಕಿ ಎಣಿಸುವುದನ್ನು ಮಾತ್ರ ಬಿಡಲಿಲ್ಲ. ಅದು ಅವರಿಗೆ ರಕ್ತಕ್ಕೆ ಹತ್ತಿದ್ದು.

ಕಳೆದ ಮಳೆಗಾಲ ಅರ್ಧವಾಗುವಾಗ ಅಂಗಡಿಗೆ ಬರುವಷ್ಟು ಶಕ್ತಿ ಉಳಿದಿರಲಿಲ್ಲ. ಮನೆಯ ಚಾವಡಿಯಲ್ಲಿ ಮಂಚ ಹಾಕಿಸಿಕೊಂಡಿದ್ದರು. ಜುಲೈ ತಿಂಗಳ ಒಂದು ಬೆಳಿಗ್ಗೆ ನಮ್ಮವರು ಮೊಬೈಲ್ ನೋಡುತ್ತಿದ್ದವರು ಕೂಗಿಕೊಂಡು ಎದ್ದರು. ಕೋಡಿ ಗಾಳಿ ಗೆದ್ದಿದ್ದ, ಆ ನಾಲ್ಕರಲ್ಲಿ ಒಂದನ್ನು. ಕಾಫಿಯನ್ನೂ ಕುಡಿಯದೆ, ಆ ಮಳೆಯಲ್ಲಿ ಕೊಡೆ ಹಿಡಿದು ಓಡಿದರು. ಅಷ್ಟು ವರ್ಷದ ವಾದ ಗೆದ್ದ ಖುಷಿಯೋ, ಆ ಮನುಷ್ಯನಿಗೆ ಖುಷಿ ಕೊಡುವ ಆಸೆಯೋ, ನಾನು ಹೇಳಲಾರೆ. ನಾನೂ ಹಿಂದೆಯೇ ಹೋದೆ.

"ಕೊಡೆಯಣ್ಣ, ಕೋಡಿ ಗಾಳಿಗ್ ಮೇಜರ್ ಬಂತ್! ಇನ್ ಸೊನ್ನೆ ಅಲ್ಲ, ಒಂದಾಯ್ತ್!"

ಅವರು ಮೊಬೈಲನ್ನು ಕೈಗೆ ತೆಗೆದುಕೊಂಡು, ಕಣ್ಣಿಗೆ ಹತ್ತಿರ ಹಿಡಿದು, ಕೊನೆಯ ಗುಂಡಿಗೆ ಅವನು ಬೀಸಿದ ಮೊದಲ ಹೊಡೆತವನ್ನು ಪೂರ್ತಿ ನೋಡಿದರು. ಚೆಂಡು ಮೇಲೆದ್ದು ಕಾಣದಾಗುವವರೆಗೂ ನೋಡಿದರು. ಮೊಬೈಲನ್ನು ನಮ್ಮವರ ಕೈಗೆ ಹಿಂದೆ ಕೊಟ್ಟು, ದಿಂಬಿಗೆ ಒರಗಿ ಹೇಳಿದರು:

"ಅವ ಮೊದ್ಲೂ ಹೀಂಗೇ ಆಡ್ತಿದ್ದ ಅಲ್ದಾ?"